ಅನಿಶ್ಚಿತತಾ ತತ್ತ್ವ: ಕೊರತೆ ಉಪಕರಣದ್ದೋ, ಎಲೆಕ್ಟ್ರಾನಿನ ಸ್ವಭಾವವೇ ಹಾಗೋ?

ಪ್ರಶ್ನೆ

ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಎಲೆಕ್ಟ್ರಾನಿನ ಸ್ಥಾನ ಮತ್ತು ಸಂವೇಗ (ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ) ಎರಡನ್ನೂ ಒಟ್ಟಿಗೆ ನಿಖರವಾಗಿ ಹೇಳಲಾಗದು ಎನ್ನುವ ಅನಿಶ್ಚಿತತಾ ತತ್ತ್ವಕ್ಕೆ ಇಷ್ಟು ವರ್ಷವೂ ಸೂಕ್ಷ್ಮದರ್ಶಕದ ಉದಾಹರಣೆಯನ್ನೇ ಕೊಡುತ್ತ ಬಂದಿದ್ದೇನೆ. ಎಲೆಕ್ಟ್ರಾನ್ ಎಲ್ಲಿದೆ ಎಂದು ನೋಡಬೇಕಾದರೆ ಅದರ ಮೇಲೆ ಬೆಳಕು ಬೀಳಬೇಕು, ಬಿದ್ದ ಬೆಳಕು ಅದನ್ನು ತಳ್ಳಿಬಿಡುತ್ತದೆ, ಹೀಗಾಗಿ ಸ್ಥಾನ ತಿಳಿಯುವ ಹೊತ್ತಿಗೆ ಸಂವೇಗ ಬದಲಾಗಿರುತ್ತದೆ ಎಂದು. ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಹಾಗಾದರೆ ನಾವು ನೋಡದೇ ಇದ್ದಾಗ ಎಲೆಕ್ಟ್ರಾನಿಗೆ ಸ್ಥಾನ, ಸಂವೇಗ ಎರಡೂ ಸರಿಯಾಗಿಯೇ ಇರುತ್ತವೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ, ಅಲ್ಲವೇ ಸರ್?" ಎಂದು ಕೇಳಿದಳು. ನಾನು ಕೊಟ್ಟ ಉದಾಹರಣೆಯಿಂದ ಹೊರಡುವ ತೀರ್ಮಾನ ಅದೇ. ಆದರೆ ಅದು ಸರಿಯಲ್ಲವೆಂದು ಮನಸ್ಸಿಗೆ ಅನ್ನಿಸಿದರೂ ಏಕೆ ಸರಿಯಲ್ಲವೆಂದು ಬಿಡಿಸಿ ಹೇಳಲು ಆಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಸೂಕ್ಷ್ಮದರ್ಶಕದ ಉದಾಹರಣೆ ಹೈಸೆನ್‌ಬರ್ಗ್ ಅವರದೇ. 1927ರಲ್ಲಿ ಕೋಪನ್‌ಹೇಗನ್‌ನಲ್ಲಿದ್ದಾಗ ಬರೆದ ಪ್ರಬಂಧದಲ್ಲಿ ಅವರು ಗಾಮಾ ಕಿರಣದ ಸೂಕ್ಷ್ಮದರ್ಶಕವೊಂದನ್ನು ಕಲ್ಪಿಸಿಕೊಂಡು ವಾದ ಹೂಡಿದರು. ಅದರಲ್ಲಿರುವ ಕೊರತೆಯನ್ನು ನೀಲ್ಸ್ ಬೋರ್ ಆಗಲೇ ತೋರಿಸಿದ್ದರು. ಬೆಳಕು ಎಲೆಕ್ಟ್ರಾನನ್ನು ತಳ್ಳುತ್ತದೆ ಎಂದರಷ್ಟೇ ಸಾಲದು, ಏಕೆಂದರೆ ಎಷ್ಟು ತಳ್ಳಿತೆಂದು ಲೆಕ್ಕ ಹಾಕಿ ಅದನ್ನು ಕಳೆಯಬಹುದು. ಹಾಗೆ ಕಳೆಯಲಾಗದಿರುವುದು, ಮಸೂರದ ಅಗಲದೊಳಗೆ ಬೆಳಕು ಯಾವ ದಿಕ್ಕಿನಿಂದ ಬಂತೆಂದು ಹೇಳಲಾಗದ ಕಾರಣಕ್ಕೆ. ಹೈಸೆನ್‌ಬರ್ಗ್ ಇದನ್ನು ಒಪ್ಪಿ ಪ್ರಬಂಧದ ಕೊನೆಗೆ ಟಿಪ್ಪಣಿ ಸೇರಿಸಿದರು.

ಇಂದು ನಾವು ಪಾಠ ಮಾಡುವ ಅಸಮತೆಯನ್ನು ಅದೇ ವರ್ಷ ಸಾಧಿಸಿ ತೋರಿಸಿದವರು ಕೆನ್ನಾರ್ಡ್. ಸ್ಥಾನದ ಹರವು (ಅಳತೆಯ ಬೆಲೆಗಳು ಎಷ್ಟು ಚದುರಿವೆ ಎಂಬುದು) ಮತ್ತು ಸಂವೇಗದ ಹರವು ಇವೆರಡರ ಗುಣಲಬ್ಧ, ಕ್ವಾಂಟಂ ಸಿದ್ಧಾಂತದ ಮೂಲ ಸ್ಥಿರಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕವನ್ನು 4 ಪೈಯಿಂದ ಭಾಗಿಸಿದಾಗ ಬರುವ ಬೆಲೆಗಿಂತ ಕಡಿಮೆಯಾಗದು ಎಂಬುದು ಅದರ ಒಕ್ಕಣೆ. ಇದರಲ್ಲಿ ಉಪಕರಣದ ಮಾತೇ ಇಲ್ಲ. ಒಂದೇ ರೀತಿಯಲ್ಲಿ ಸಿದ್ಧಪಡಿಸಿದ ಲಕ್ಷ ಎಲೆಕ್ಟ್ರಾನ್‌ಗಳಿವೆ ಎನ್ನೋಣ. ಅರ್ಧದಷ್ಟಕ್ಕೆ ಸ್ಥಾನವನ್ನು ಮಾತ್ರ, ಉಳಿದರ್ಧಕ್ಕೆ ಸಂವೇಗವನ್ನು ಮಾತ್ರ ಅಳೆಯಿರಿ. ಯಾವ ಎಲೆಕ್ಟ್ರಾನಿಗೂ ಎರಡು ಅಳತೆ ಆಗಿಲ್ಲ, ಆದ್ದರಿಂದ ಒಂದು ಅಳತೆ ಇನ್ನೊಂದನ್ನು ಕೆಡಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೂ ಎರಡು ಪಟ್ಟಿಗಳ ಹರವನ್ನು ಗುಣಿಸಿದರೆ ಅದೇ ಮಿತಿ ಎದುರಾಗುತ್ತದೆ.

ಏಕೆ ಹೀಗೆ ಎನ್ನುವುದಕ್ಕೆ ತಂಬೂರಿಯನ್ನು ನೆನೆಯಿರಿ. ಎರಡು ಸಾರಣಿ ತಂತಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸುವವರು ಮೀಟಿದ ಕೂಡಲೇ ತೀರ್ಮಾನಿಸುವುದಿಲ್ಲ. ನಾದ ಏರಿಳಿಯುತ್ತಿದೆಯೇ ಎಂದು ಕಿವಿಗೊಟ್ಟು ಕಾಯುತ್ತಾರೆ. ವ್ಯತ್ಯಾಸ ಸೆಕೆಂಡಿಗೆ ಅರ್ಧ ಕಂಪನದಷ್ಟಿದ್ದರೆ ಒಂದು ಏರಿಳಿತ ಮುಗಿಯಲು ಎರಡು ಸೆಕೆಂಡು ಹಿಡಿಯುತ್ತದೆ. ಒಂದು ಚಿಟಿಕೆಯ ಸದ್ದಿನ ಶ್ರುತಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಕಿವಿ ಮಂದವಾಗಿದೆ ಎಂದಲ್ಲ, ಅಷ್ಟು ಗಿಡ್ಡ ಸದ್ದಿನಲ್ಲಿ ಒಂದೇ ಶ್ರುತಿ ಇರುವುದೇ ಇಲ್ಲ. ಎಲೆಕ್ಟ್ರಾನ್ ಕೂಡ ತರಂಗದಂತೆ ವರ್ತಿಸುತ್ತದೆ, ಅದರ ಸಂವೇಗವು ಆ ತರಂಗದ ತರಂಗಾಂತರಕ್ಕೆ ಕಟ್ಟುಬಿದ್ದಿರುವುದರಿಂದ, ಕಿರಿದಾದ ಜಾಗದಲ್ಲಿ ಅಡಕವಾದ ಎಲೆಕ್ಟ್ರಾನ್ ತರಂಗಕ್ಕೂ ಒಂದೇ ಸಂವೇಗವಿಲ್ಲ.

ಇನ್ನು, ಯಾರೂ ಅಳೆಯದಿದ್ದಾಗಲೂ ಇದರ ಪರಿಣಾಮ ಕಾಣುತ್ತದೆ. ಸಾಮಾನ್ಯ ಒತ್ತಡದಲ್ಲಿ ಹೀಲಿಯಂ ನಿರಪೇಕ್ಷ ಶೂನ್ಯದ ತನಕ ತಣಿಸಿದರೂ ದ್ರವವಾಗಿಯೇ ಉಳಿಯುತ್ತದೆ. ಅದನ್ನು ಘನವಾಗಿಸಲು ವಾತಾವರಣದ ಒತ್ತಡದ ಸುಮಾರು 25 ಪಟ್ಟು ಬೇಕು. ಹಗುರವಾದ ಆ ಪರಮಾಣುಗಳನ್ನು ಒಂದೊಂದು ನೆಲೆಯಲ್ಲಿ ಕೂರಿಸಹೊರಟರೆ ಅವುಗಳ ಸಂವೇಗದ ಹರವು ಹಿಗ್ಗುತ್ತದೆ, ಅವುಗಳ ನಡುವಿನ ದುರ್ಬಲ ಆಕರ್ಷಣೆಗೆ ಅದನ್ನು ತಡೆದಿಡುವ ಬಲವಿಲ್ಲ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಅಳತೆಯಿಂದಾಗುವ ಕದಲಿಕೆ ಸುಳ್ಳು ಎಂದು ಯಾರೂ ತಿಳಿಯಬಾರದು. ಅದು ಬೇರೆಯದೇ ಪ್ರಶ್ನೆ, ಅದಕ್ಕೆ ಬೇರೆಯದೇ ಸೂತ್ರವಿದೆ. ಅಳತೆಯ ದೋಷ ಮತ್ತು ಕದಲಿಕೆಗಳ ಗುಣಲಬ್ಧಕ್ಕೂ ಅದೇ ಮಿತಿಯನ್ನು ಹಚ್ಚುವುದು ಸರಿಯಲ್ಲವೆಂದು ಜಪಾನಿನ ಒಝಾವಾ 2003ರಲ್ಲಿ ತೋರಿಸಿ, ಇನ್ನೂ ಎರಡು ಪದಗಳಿರುವ ಅಸಮತೆಯನ್ನು ಕೊಟ್ಟರು. 2012ರಲ್ಲಿ ವಿಯೆನ್ನಾದಲ್ಲಿ ನ್ಯೂಟ್ರಾನ್‌ಗಳ ಸ್ಪಿನ್ (ಕಣದ ಸಹಜ ಕೋನೀಯ ಸಂವೇಗ) ಬಳಸಿ, ಟೊರಾಂಟೊದಲ್ಲಿ ಬೆಳಕಿನ ಕಣಗಳನ್ನು ಬಳಸಿ ನಡೆಸಿದ ಪ್ರಯೋಗಗಳು ಅದಕ್ಕೆ ಹೊಂದಿಬಂದವು. ಮರುವರ್ಷ ಬುಶ್, ಲಾಹ್ಟಿ, ವರ್ನರ್ ಎಂಬ ಮೂವರು 'ದೋಷ' ಎಂಬುದನ್ನು ಬೇರೆ ರೀತಿಯಲ್ಲಿ ವ್ಯಾಖ್ಯಾನಿಸಿ ಹೈಸೆನ್‌ಬರ್ಗ್ ಹೇಳಿದಂಥ ಮಿತಿಯನ್ನೇ ಸಾಧಿಸಿದರು. ಯಾವ ವ್ಯಾಖ್ಯಾನ ಸೂಕ್ತ ಎಂಬುದರ ಮೇಲೆ ಆ ಚರ್ಚೆ ನಿಂತಿದೆ. ಕೆನ್ನಾರ್ಡರ ಅಸಮತೆ ಮಾತ್ರ ಇದರಿಂದ ಕೂದಲೆಳೆಯಷ್ಟೂ ಅಲುಗಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹರವು ಅಳತೆಯಿಂದ ಹುಟ್ಟಿದ್ದಲ್ಲ ಎಂಬುದು ಸ್ಪಷ್ಟವಾಯಿತು. ಆದರೆ ಅವಳು ಬಿಡುವ ಹುಡುಗಿಯಲ್ಲ. ಲಕ್ಷ ಎಲೆಕ್ಟ್ರಾನ್‌ಗಳಲ್ಲಿ ಒಂದೊಂದಕ್ಕೂ ತನ್ನದೇ ನಿಖರ ಸ್ಥಾನ, ನಿಖರ ಸಂವೇಗ ಇದ್ದು, ಒಟ್ಟು ಗುಂಪಿನಲ್ಲಿ ಮಾತ್ರ ಹರವು ಕಾಣುತ್ತಿರಬಹುದಲ್ಲ ಎಂದು ಕೇಳಿಯೇ ಕೇಳುತ್ತಾಳೆ.

ಉತ್ತರ 3

ಅಲ್ಲಿಗೆ ನಾವು ಕ್ವಾಂಟಂ ಸಿದ್ಧಾಂತದ ಅರ್ಥವೇನು ಎಂಬ ಬೇರೆ ಬೇರೆ ವಿವರಣೆಗಳ ಅಂಗಳಕ್ಕೆ ಬಂದೆವು. ಬೋರ್, ಹೈಸೆನ್‌ಬರ್ಗ್ ಅವರ ಕೋಪನ್‌ಹೇಗನ್ ಪಂಥದ ಪ್ರಕಾರ, ಅಳತೆಯ ಸಂದರ್ಭವನ್ನು ಬಿಟ್ಟು ಎಲೆಕ್ಟ್ರಾನಿನ ಸ್ಥಾನ ಇಷ್ಟು ಎನ್ನುವುದಕ್ಕೆ ಅರ್ಥವಿಲ್ಲ. 1957ರಲ್ಲಿ ಎವೆರೆಟ್ ಮುಂದಿಟ್ಟ ನೋಟದಲ್ಲಿ ಇರುವುದು ತರಂಗವೊಂದೇ, ಹರವು ಆ ತರಂಗದ ಆಕಾರ.

ವಿದ್ಯಾರ್ಥಿನಿಯ ಊಹೆಗೆ ಎಲ್ಲಕ್ಕಿಂತ ಹತ್ತಿರವಿರುವುದು 1952ರಲ್ಲಿ ಡೇವಿಡ್ ಬೋಮ್ ಕೊಟ್ಟ ಸಿದ್ಧಾಂತ, ಮತ್ತು ನಿಂತು ನೋಡಬೇಕಾದದ್ದೂ ಅದನ್ನೇ. ಅದರಲ್ಲಿ ಪ್ರತಿ ಎಲೆಕ್ಟ್ರಾನಿಗೂ ಸದಾ ಒಂದು ನಿಖರ ಸ್ಥಾನವಿದೆ, ತರಂಗ ಅದಕ್ಕೆ ದಾರಿ ತೋರಿಸುತ್ತದೆ, ಪ್ರಯೋಗಗಳ ಫಲಿತಾಂಶವೂ ರೂಢಿಯ ಲೆಕ್ಕಕ್ಕೇ ಸರಿಹೊಂದುತ್ತದೆ. ಆದರೆ ಹೈಡ್ರೋಜನ್ ಪರಮಾಣುವಿನ ಕನಿಷ್ಠ ಶಕ್ತಿಸ್ಥಿತಿಯನ್ನು ಅದೇ ಸಿದ್ಧಾಂತದಲ್ಲಿ ಲೆಕ್ಕ ಹಾಕಿದರೆ, ಸ್ಪಿನ್ ಬದಿಗಿಟ್ಟಾಗ, ಎಲೆಕ್ಟ್ರಾನ್ ಇದ್ದಲ್ಲೇ ನಿಂತಿರುತ್ತದೆ! ನಾವು ಸಂವೇಗವನ್ನು ಅಳೆದಾಗ ಸಿಗುವ ಬೆಲೆ ಅದರಲ್ಲಿ ಮೊದಲೇ ಇದ್ದದ್ದಲ್ಲ. ಅಳೆಯುವ ಪ್ರಕ್ರಿಯೆಯಲ್ಲಿ ತರಂಗ ಬಿಚ್ಚಿಕೊಂಡಂತೆ ಮೂಡಿದ್ದು. ಅಂದರೆ "ಎರಡೂ ಇವೆ, ನಮಗೆ ಗೊತ್ತಿಲ್ಲ ಅಷ್ಟೇ" ಎಂಬ ಮಾತನ್ನು ಬೋಮ್ ಕೂಡ ಅವಳ ಅರ್ಥದಲ್ಲಿ ಒಪ್ಪುವುದಿಲ್ಲ. ಜೊತೆಗೆ ಈ ಸಿದ್ಧಾಂತದಲ್ಲಿ ದೂರದ ಕಣವೊಂದು ಇಲ್ಲಿಯ ಕಣದ ಮೇಲೆ ತತ್‌ಕ್ಷಣ ಪ್ರಭಾವ ಬೀರಬೇಕಾಗುತ್ತದೆ. ಅಳೆಯುವ ಮೊದಲೇ ಅಡಗಿದ ಬೆಲೆಗಳಿವೆ ಎನ್ನಬಯಸುವವರು ಸಾಮಾನ್ಯವಾಗಿ ಈ ತತ್‌ಕ್ಷಣದ ಪ್ರಭಾವವನ್ನೂ ಒಪ್ಪಲೇಬೇಕು ಎಂದು ಬೆಲ್ 1964ರಲ್ಲಿ ಸಾಧಿಸಿದರು. ಅದನ್ನು ಪ್ರಯೋಗಕ್ಕೊಡ್ಡಿದ ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರ ನೊಬೆಲ್ ಸಂದಿತು.

ಪ್ರಶ್ನೆ ಕೇಳಿದವರು

ಎಲೆಕ್ಟ್ರಾನ್ ನಿಂತೇ ಇರುತ್ತದೆ ಎಂಬುದನ್ನು ನಾನೇ ಒಮ್ಮೆ ಲೆಕ್ಕ ಮಾಡಿ ನೋಡುತ್ತೇನೆ. ಸೋಮವಾರದ ತರಗತಿಗೆ ಸೂಕ್ಷ್ಮದರ್ಶಕದ ಚಿತ್ರವನ್ನು ಬದಿಗಿಟ್ಟು, ಸಂಗೀತದ ಮೇಡಂ ಅವರಿಂದ ತಂಬೂರಿ ಕೇಳಿ ತರುತ್ತೇನೆ.