ಜಕಾರ್ತ ಸುತ್ತಮುತ್ತ ಹಳ್ಳಿ ಜಮೀನು: ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೋಗೋರ್, ಬೆಕಾಸಿ, ತಾಂಗೆರಾಂಗ್ ಕಡೆ ಹಳ್ಳಿಯಲ್ಲಿ ಜಾಗ ಹುಡುಕೋ ಕನ್ನಡಿಗರು ಜಾಸ್ತಿಯಾಗಿದ್ದಾರೆ. ಜಮೀನು ಕಾಗದಪತ್ರ ಪರಿಶೀಲನೆ ಮಾಡುವ ನಮ್ಮ ಮೇಡಂ ಇವತ್ತು ಸಂಜೆ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಸುಂಟರ್ ಕಾಫಿ: ಮೇಡಂ, ನಂದು ಭಾರತದ ಪಾಸ್‌ಪೋರ್ಟ್, ಕಿತಾಸ್ (ವಾಸದ ಪರವಾನಗಿ) ಇದೆ. ಬೋಗೋರ್ ಹತ್ತಿರ ಹಳ್ಳಿಯಲ್ಲಿ ಹಕ್ ಮಿಲಿಕ್ ಜಮೀನು ನನ್ನ ಹೆಸರಿಗೆ ಆಗುತ್ತಾ?

ಮೇಡಂ: ಆಗಲ್ಲ. 1960ರ ಭೂ ಕಾಯ್ದೆ ಪ್ರಕಾರ ಹಕ್ ಮಿಲಿಕ್, ಅಂದರೆ ಪೂರ್ತಿ ಒಡೆತನ, ಇಲ್ಲಿನ ಪ್ರಜೆಗಳಿಗೆ ಮಾತ್ರ. ವಾಸದ ಪರವಾನಗಿ ಇರುವ ವಿದೇಶಿಯರಿಗೆ ಹಕ್ ಪಕಾಯ್, ಅಂದರೆ ಅವಧಿಗೆ ಬಳಸೋ ಹಕ್ಕಿನ ಮೇಲೆ ಮನೆ ಸಿಗುತ್ತೆ. ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಆದರೆ ಪಶ್ಚಿಮ ಜಾವಾದಲ್ಲಿ ಆ ಮನೆಯ ಬೆಲೆ ಕನಿಷ್ಠ 500 ಕೋಟಿ ರುಪಿಯಾ ಇರಬೇಕು. ಹಳ್ಳಿಯಲ್ಲಿ ಅಂಥ ಮನೆ ನಿಮಗೆ ಕಂಡರೆ ನನಗೂ ತೋರಿಸಿ. ಹಳ್ಳಿ ವಾಸ ಬೇಕು ಅಂತಿದ್ರೆ ನಾಲ್ಕೈದು ವರ್ಷಕ್ಕೆ ಬಾಡಿಗೆಗೆ ತಗೊಳ್ಳಿ.

ಚಿಕಾರಂಗ್ ಭಟ್ರು: *ತುಂಬಾ ಸಲ ಫಾರ್ವರ್ಡ್ ಆಗಿದೆ:* "ಎಚ್ಚರಿಕೆ!! ಗಿರಿಕ್ ಜಮೀನನ್ನೆಲ್ಲ ಸರ್ಕಾರ ಕಿತ್ತುಕೊಳ್ಳುತ್ತಿದೆ!! ಹಳ್ಳಿಯವರು ಅರ್ಧ ಬೆಲೆಗೆ ಮಾರುತ್ತಿದ್ದಾರೆ!! ಇಂದೇ ಖರೀದಿಸಿ!!" ಇದು ನಿಜವಾ ಮೇಡಂ?

ಮೇಡಂ: ಸುಳ್ಳು. ಗಿರಿಕ್, ಅಂದರೆ ಹಳೇ ಕಂದಾಯದ ಕಾಗದ ಮಾತ್ರ ಇರೋ ಜಮೀನನ್ನು ಕಿತ್ತುಕೊಳ್ಳಲ್ಲ ಅಂತ ಭೂ ಸಚಿವಾಲಯವೇ ಹೇಳಿದೆ. ಇನ್ನು, ಸರ್ಕಾರ ಕಿತ್ತುಕೊಳ್ಳೋ ಜಮೀನನ್ನು ನೀವು ಯಾಕೆ ಇಂದೇ ಖರೀದಿಸಬೇಕು? ಕಳಿಸೋ ಮುಂಚೆ ಒಂದು ಸಲ ಓದಿಕೊಳ್ಳಿ.

ಬೆಕಾಸಿ ಗೌಡ: ಮೇಡಂ, ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನನ್ನ ಹೆಂಡತಿ ಸುಂದಾದವಳು, ಇಲ್ಲಿನ ಪ್ರಜೆ, ಬೆಕಾಸಿ ವಿಳಾಸದ ಕೆಟಿಪಿ (ಗುರುತಿನ ಚೀಟಿ) ಇದೆ. ಜೋಂಗ್ಗೋಲ್ ದಾಟಿದ ಮೇಲೆ ಚಾರಿಯು ಕಡೆ ಅವಳ ಅಜ್ಜಿ ಊರು. ಅಲ್ಲಿ 200 ತುಂಬಾಕ್ (ಇಲ್ಲಿನ ಅಳತೆ) ಗದ್ದೆ ಮಾರಾಟಕ್ಕಿದೆ. ಗಿರಿಕ್ ಮಾತ್ರ ಇದೆ, ಅದೂ ಮಾರುವವರ ತೀರಿಹೋದ ತಂದೆ ಹೆಸರಲ್ಲಿ. ಬಿಯೋಂಗ್ (ಜಮೀನು ದಲ್ಲಾಳಿ) ಪ್ರಕಾರ ಎಲ್ಲ ಕ್ಲೀನ್, ಹಳ್ಳಿ ಮುಖ್ಯಸ್ಥರ ಸಹಿ ಸಾಕು. ಮದುವೆಯಾಗಿ ಎಂಟು ವರ್ಷ, ಒಪ್ಪಂದ ಗಿಪ್ಪಂದ ಏನೂ ಮಾಡಿಸಿಲ್ಲ. ತಗೋಬಹುದಾ?

ಮೇಡಂ: ಗೌಡ್ರೇ, ನಿಮ್ಮ ಪ್ರಶ್ನೆ ಓದಿ ಚಹಾ ಪಕ್ಕಕ್ಕಿಟ್ಟೆ. ಇದರಲ್ಲಿ ಐದು ಗಂಟು ಇವೆ.

ಗಿರಿಕ್ ಅನ್ನೋದು ಹಳೇ ಕಾಲದ ಕಂದಾಯದ ಕಾಗದ. ನಮ್ಮಲ್ಲಿ ಕಂದಾಯ ಕಟ್ಟಿದ ರಸೀದಿ ತೋರಿಸಿ ಜಮೀನು ನಂದು ಅಂದ ಹಾಗೆ. 2021ರ ನಿಯಮದಲ್ಲಿ ಐದು ವರ್ಷ ಗಡುವು ಕೊಟ್ಟಿದ್ದರು. 2026 ಫೆಬ್ರವರಿ 2ರಿಂದ ಅದು ಹಕ್ಕಿನ ಸಾಕ್ಷಿ ಅಲ್ಲ, ಬರೀ ಒಂದು ಸುಳಿವು. ಉಳುತ್ತಿರುವವರು ಈಗಲೂ ನೋಂದಣಿ ಮಾಡಿಸಬಹುದು. ಆದರೆ ಆ ಓಡಾಟ ಮಾರುವವರದ್ದು, ನಿಮ್ಮದಲ್ಲ. ಆ ಊರು ಪಿಟಿಎಸ್‌ಎಲ್ ಸಾಮೂಹಿಕ ನೋಂದಣಿಗೆ ಸೇರಿದ್ದರೆ ಜಾವಾದಲ್ಲಿ ಹಳ್ಳಿ ಮಟ್ಟದ ಖರ್ಚು ಒಂದೂವರೆ ಲಕ್ಷ ರುಪಿಯಾ ಅಷ್ಟೇ. ಅಷ್ಟು ಅಗ್ಗಕ್ಕೆ ಆಗೋದನ್ನು ಇಷ್ಟು ವರ್ಷ ಯಾಕೆ ಮಾಡಿಸಿಲ್ಲ ಅಂತ ಕೇಳಿ. ಉತ್ತರಕ್ಕಿಂತ ಆಗ ಮುಖ ನೋಡಿ.

ಎರಡನೇದು, ಹಳ್ಳಿ ಆಫೀಸಿನ ಲೆಟರ್ ಸಿ ಪುಸ್ತಕ, ಅಂದರೆ ಊರಿನ ಜಮೀನುಗಳ ದಾಖಲೆ. ಜೆರಾಕ್ಸ್ ಅಲ್ಲ, ಪುಸ್ತಕವನ್ನೇ ನಿಮ್ಮ ಮನೆಯವರು ಹೋಗಿ ನೋಡಬೇಕು. ಪೆರ್ಸಿಲ್ (ಜಮೀನಿನ ತುಂಡು) ನಂಬರು, ವಿಸ್ತೀರ್ಣ, ಪಕ್ಕದಲ್ಲಿ ಎಸ್ ಅಂತಿದ್ದರೆ ಗದ್ದೆ, ಡಿ ಅಂತಿದ್ದರೆ ಒಣಭೂಮಿ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದನ್ನೂ ಓದಲಿ. "ಇಷ್ಟು ಭಾಗ ಇಂಥವರಿಗೆ ಮಾರಿದೆ" ಅಂತ ಅಲ್ಲೇ ಇರುತ್ತೆ. ಅಪ್ಪ ಬದುಕಿದ್ದಾಗಲೇ ಮೂರು ತುಂಡು ಮಾರಿ, ಮೂಲ ಗಿರಿಕ್ ಮಾತ್ರ ಮನೆಯ ಬೀರುವಿನಲ್ಲಿ ಉಳಿದಿರೋದು ಇಲ್ಲಿ ಅಪರೂಪ ಅಲ್ಲ. 200 ತುಂಬಾಕ್ ಅಂದರೆ 2,800 ಚದರ ಮೀಟರ್, ಸುಮಾರು 28 ಗುಂಟೆ. ಪುಸ್ತಕದಲ್ಲಿ ಅಷ್ಟು ಉಳಿದಿದೆಯಾ?

ಮೂರು, ವಾರಸುದಾರರು. ತಂದೆ ಹೋಗಿದ್ದಾರೆ ಅಂದಮೇಲೆ ಎಲ್ಲ ಮಕ್ಕಳ ಸಹಿ ಬೇಕು. ಈ ಕಡೆ ಹಳ್ಳಿಗಳಿಂದ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಸೌದಿಗೆ ಹೋಗಿರ್ತಾರೆ. "ತಂಗಿ ಒಪ್ಪಿದ್ದಾಳೆ, ಫೋನಲ್ಲಿ ಹೇಳಿದ್ದಾಳೆ" ಅನ್ನೋದು ಸಹಿ ಅಲ್ಲ.

ನಾಲ್ಕು, ಅದು ಗದ್ದೆ. 2021ರ ಕೊನೆಗೆ ಪಶ್ಚಿಮ ಜಾವಾವೂ ಸೇರಿ 8 ಪ್ರಾಂತ್ಯಗಳಲ್ಲಿ ಸಂರಕ್ಷಿತ ಗದ್ದೆಗಳ ನಕ್ಷೆ ಹೊರಟಿದೆ. ನಿಮ್ಮ ಗದ್ದೆ ಅದರೊಳಗೆ ಬಿದ್ದಿದ್ದರೆ ಮನೆ ಕಟ್ಟೋ ಆಸೆ ಬಿಡಿ. 1961ರ ನಿಯಮ ಇನ್ನೊಂದಿದೆ: ಕೃಷಿ ಜಮೀನಿನ ಒಡೆಯ ಅದೇ ಕೆಚಮಾತನ್‌ನಲ್ಲಿ (ನಮ್ಮ ತಾಲೂಕಿನ ಥರ), ಇಲ್ಲ ಅದಕ್ಕೆ ಹತ್ತಿಕೊಂಡ ಕೆಚಮಾತನ್‌ನಲ್ಲಿ ವಾಸ ಇರಬೇಕು. ಬೆಕಾಸಿ ಕೆಟಿಪಿ ಹಿಡಿದುಕೊಂಡು ಚಾರಿಯು ಗದ್ದೆ ತಗೊಳ್ಳೋಕೆ ಹೋದರೆ ಪಿಪಿಎಟಿ (ಕ್ರಯಪತ್ರ ಮಾಡೋ ಅಧಿಕಾರಿ) ಅಲ್ಲೇ ನಿಲ್ಲಿಸ್ತಾರೆ. ನಿಲ್ಲಿಸದೆ ಸುಮ್ಮನೆ ಮಾಡಿಕೊಡೋರು ಸಿಕ್ಕರೆ ಇನ್ನೂ ಹೆದರಿಕೊಳ್ಳಿ.

ಕೊನೇದು ನಿಮ್ಮ ಮನೆ ವಿಷಯ. ಒಪ್ಪಂದ ಇಲ್ಲದಿದ್ದರೆ ಮದುವೆ ಆದಮೇಲೆ ಬಂದ ಆಸ್ತಿ ಇಬ್ಬರದೂ. ನೀವು ವಿದೇಶಿ, ಹಾಗಾಗಿ ಹಕ್ ಮಿಲಿಕ್ ಕೈಬಿಡಬೇಕಾಗುತ್ತೆ. ಮೊದಲು ಇಂಥ ಒಪ್ಪಂದ ಮದುವೆಗೆ ಮುಂಚೆಯೇ ಆಗಬೇಕಿತ್ತು. ಸಂವಿಧಾನ ನ್ಯಾಯಾಲಯದ 69/2015ರ ತೀರ್ಪು ಬಂದಮೇಲೆ ಈಗಲೂ ಮಾಡಿಸಬಹುದು. ನೋಟರಿ ಹತ್ತಿರ ಆಸ್ತಿ ಪ್ರತ್ಯೇಕ ಅಂತ ಬರೆಸಿ, ಮದುವೆ ನೋಂದಣಿ ಆದ ಕಡೆಯೇ ದಾಖಲು ಮಾಡಿಸಿ. ಗದ್ದೆ ನೋಡೋದಕ್ಕಿಂತ ಮುಂಚೆ ಇದು.

ಸುಂಟರ್ ಕಾಫಿ: ಇಷ್ಟೆಲ್ಲ ಯಾಕೆ ಗೌಡ್ರೇ? ನಮ್ಮೂರ ಥರ ಒಂದು ಜಿಪಿಎ ಮಾಡಿಸ್ಕೊಳ್ಳಿ. ಡ್ರೈವರ್ ಹೆಸರಲ್ಲಿ ತಗೊಂಡು, ಹಿಂದಕ್ಕೆ ಪಡೆಯೋಕೆ ಬರದ ಅಧಿಕಾರಪತ್ರ ಬರೆಸಿಕೊಂಡ್ರೆ ಮುಗೀತು. ನನ್ನ ಬಾಸ್ ಹಾಗೇ ಮಾಡಿದ್ದಾರೆ.

ಮೇಡಂ: ಅದಕ್ಕೆ ಇಲ್ಲಿ ಕುಆಸಾ ಮುತ್ಲಕ್ ಅಂತಾರೆ. ಜಮೀನಿನ ವಿಷಯದಲ್ಲಿ 1982ರಿಂದಲೇ ನಿಷೇಧ. ವಿದೇಶಿಗೆ ನೇರವಾಗಿಯೋ ಸುತ್ತುಬಳಸಿಯೋ ಹಕ್ ಮಿಲಿಕ್ ದಾಟಿಸೋ ಕರಾರು ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳೋಕೆ ಬರಲ್ಲ. ನಿಮ್ಮ ಬಾಸ್ ಆ ಡ್ರೈವರ್‌ಗೆ ಲೆಬಾರಾನ್ (ಈದ್) ಬೋನಸ್ ಚೆನ್ನಾಗಿ ಕೊಡ್ತಾ ಇರಲಿ.

ಪುರ್ವಾಕರ್ತ ಮಿಲ್: 😂

ಚಿಕಾರಂಗ್ ಭಟ್ರು: ಗೋಲ್ಡನ್ ವೀಸಾ ಇದ್ದರೆ ಹಕ್ ಮಿಲಿಕ್ ಸಿಗುತ್ತೆ ಅಂತ ಒಂದು ವಿಡಿಯೋ ಬಂದಿದೆ...

ಮೇಡಂ: ಸಿಗಲ್ಲ.

ಪುರ್ವಾಕರ್ತ ಮಿಲ್: ಕಾಗದ ಒಂದು ಕಡೆ ಇರಲಿ. ನಾನು ಹಳ್ಳಿಯಲ್ಲೇ ಇದ್ದೀನಿ. ಬೆಳಗಿನ ಜಾವ ಮುಸಲ್ಲಾ (ಪುಟ್ಟ ಮಸೀದಿ) ಮೈಕು, ಹಗಲಲ್ಲಿ ಯಾರದೋ ಮದುವೆ ದಂಗ್‌ದುತ್ ಹಾಡು, ರಾತ್ರಿ ರೋಂಡಾ ಕಾವಲಿಗೆ ಬಾ ಅಂತ ಪಾಕ್ ಆರ್‌ಟಿ (ಕೇರಿಯ ಮುಖ್ಯಸ್ಥ) ಮೆಸೇಜು. ಶಾಂತಿ ಹುಡುಕಿಕೊಂಡು ಹೋಗೋರು ಯೋಚನೆ ಮಾಡಿ.

ದೇಪೋಕ್ ಅಕ್ಕ: ಕಾವಲಿಗೆ ಕರೆದರೆ ಹೋಗಬೇಕಪ್ಪ. ನಾವು ಬೋಗೋರ್ ಕಡೆ ಹಳ್ಳಿಯಲ್ಲೇ ಇರೋದು. ಹೋಗಕ್ಕಾಗದ ರಾತ್ರಿ ನಮ್ಮವರು ಕಾಫಿ, ಕರಿದ ಟೆಂಪೆ ಕಳಿಸ್ತಾರೆ. ಕೆರ್ಜಾ ಬಕ್ತಿಗೆ (ಊರೆಲ್ಲ ಸೇರಿ ಮಾಡೋ ಶ್ರಮದಾನ) ಪೊರಕೆ ಹಿಡಿದು ಒಂದು ಗಂಟೆ ನಿಂತರೆ ವರ್ಷವಿಡೀ ಮನೆಗೆ ಕಾವಲು ಬೇಡ.

ಪುರ್ವಾಕರ್ತ ಮಿಲ್: ನಿಮ್ಮವರು ಅಲ್ಲಿಯವರೇ ಅಕ್ಕ. ಹೊರಗಿನವರಿಗೆ ಬೇರೆ ರೇಟು. ನೀರಿಗೊಂದು ಚಂದಾ, ರಸ್ತೆಗೊಂದು ಚಂದಾ.

ದೇಪೋಕ್ ಅಕ್ಕ: ಹೊರಗಿನವರು ಏನು ಮಾಡ್ತಾರೆ ಅಂತಲೂ ಹೇಳಿ. ಗದ್ದೆಗೆ ಹೋಗೋ ಬದು ಮುಚ್ಚಿ ಎರಡಾಳೆತ್ತರ ಕಾಂಪೌಂಡ್ ಹಾಕ್ತಾರೆ, ಊರವರು ಬಟ್ಟೆ ಒಗೆಯೋ ಚಿಲುಮೆಗೆ ಬೀಗ ಹಾಕ್ತಾರೆ. ಪುಂಚಾಕ್ ಬೆಟ್ಟದ ಕಡೆ ಹೋಗಿ ನೋಡಿ. ಜಮೀನು ಮಾರಿದವರ ಮಕ್ಕಳೇ ಅದೇ ಜಮೀನಿನ ವಿಲ್ಲಾಗೆ ವಾಚ್‌ಮ್ಯಾನ್.

ಸುಂಟರ್ ಕಾಫಿ: ಬಲವಂತ ಮಾಡಿ ತಗೊಂಡ್ರಾ? ದುಡ್ಡು ಕೊಟ್ಟಿದ್ದಾರಲ್ವಾ?

ದೇಪೋಕ್ ಅಕ್ಕ: ಡ್ರೈವರ್ ಹೆಸರಲ್ಲಿ ಕೊಟ್ಟಿರೋರಾ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಪಾರುಂಗ್ ಶೆಟ್ರು: ಮೇಡಂ, ಪಾರುಂಗ್ ಪಂಜಾಂಗ್ ಮತ್ತು ಮಾಜಾ, ಎರಡರಲ್ಲಿ ಬೆಲೆ ಯಾವುದು ಏರುತ್ತೆ? ಎರಡಕ್ಕೂ ಕೆಆರ್‌ಎಲ್ ಲೋಕಲ್ ರೈಲಿದೆ.

ಮೇಡಂ: ನಾನು ಜ್ಯೋತಿಷಿ ಅಲ್ಲ. ಪಾರುಂಗ್ ಪಂಜಾಂಗ್‌ನಲ್ಲಿ ಕಲ್ಲುಗಣಿ ಲಾರಿಗಳ ಸಾಲು ನೋಡಿ, ಧೂಳು ಕುಡಿದು, ಆಮೇಲೆ ತೀರ್ಮಾನ ಮಾಡಿ. ರೈಲು ಬಂತು, ಟೋಲ್ ಬಂತು ಅನ್ನೋ ಮಾತಿಗೆ ಬೆಲೆ ಮೊದಲೇ ಏರಿರುತ್ತೆ. ಸುಹಾರ್ತೋ ಕಾಲದಲ್ಲಿ ರಾಜಧಾನಿಯೇ ಜೋಂಗ್ಗೋಲ್‌ಗೆ ಬರುತ್ತೆ ಅಂತ ಜಮೀನು ತಗೊಂಡವರಿದ್ದಾರೆ. ರಾಜಧಾನಿ ಹೊರಟಿದ್ದು ಕಾಲಿಮಂತಾನ್‌ಗೆ.

ಪಾರುಂಗ್ ಶೆಟ್ರು: ಕಾವ್ಲಿಂಗ್ ಸೈಟು ಕಂತಿನಲ್ಲಿ ಕೊಡ್ತಾರೆ, ಬಡ್ಡಿ ಇಲ್ಲ. ಮೂಲ ಸರ್ಟಿಫಿಕೇಟ್ ಇನ್ನೂ ಸೈಟಿಗೊಂದರಂತೆ ಒಡೆದಿಲ್ಲವಂತೆ, ಆಮೇಲೆ ಮಾಡಿಕೊಡ್ತಾರಂತೆ.

ಮೇಡಂ: ಒಡೆದ ಮೇಲೆ ಕಂತು ಶುರು ಮಾಡಿ.

ಹೊಸ ಸದಸ್ಯ: ಹಾಯ್ ಆಲ್. ಭಾರತೀಯರು ಹಕ್ ಮಿಲಿಕ್ ತಗೋಬಹುದಾ?

ಮೇಡಂ: ಮೇಲೆ ಓದಿ.

ತಾಂಗೆರಾಂಗ್ ರಾವ್: ಮೇಡಂ, ಜಮೀನಿನಲ್ಲಿ ಹಳೇ ದುರಿಯನ್ ಮರಗಳಿದ್ದರೆ ಬೆಲೆ ಬೇರೆ ಲೆಕ್ಕನಾ?

ಚಿಕಾರಂಗ್ ಭಟ್ರು: ಬೋರ್‌ವೆಲ್‌ಗೆ ತೆಂಗಿನಕಾಯಿ ಇಟ್ಟು ನೋಡೋರು ಇಲ್ಲಿ ಸಿಗ್ತಾರಾ? ಬೋಗೋರ್ ಮಳೆನಗರ, ನೀರಿಗೇನು ಕೊರತೆ ಇಲ್ಲ ಅಂತ ಒಂದು ಮೆಸೇಜ್ ಬಂದಿತ್ತು.

ಮೇಡಂ: ಭಟ್ರೇ, ಇವತ್ತಿಗೆ ನಿಮ್ಮ ಮೂರನೇ ಫಾರ್ವರ್ಡ್ ಇದು. ಮಳೆನಗರ ಬೋಗೋರ್ ಪೇಟೆ. ಜಿಲ್ಲೆಯ ಪೂರ್ವಕ್ಕೆ, ಗೌಡ್ರು ನೋಡ್ತಿರೋ ಕಡೆ, ಒಣಗಾಲದಲ್ಲಿ ಟ್ಯಾಂಕರ್ ನೀರು ಬರುತ್ತೆ. ಆಗಸ್ಟ್‌ನಲ್ಲಿ ಹೋಗಿ ಪಕ್ಕದ ಮನೆ ಬಾವಿ ಇಣುಕಿ ನೋಡಿ. ತೆಂಗಿನಕಾಯಿ ಚಟ್ನಿಗೆ ಇರಲಿ.

ಚಿಕಾರಂಗ್ ಭಟ್ರು: ಮಾಹಿತಿ ಹಂಚಿಕೊಂಡರೆ ಇಷ್ಟು ಕೋಪ ಯಾಕೋ. ನಾನು ಇನ್ನು ಏನೂ ಹಾಕಲ್ಲ.

ಪುರ್ವಾಕರ್ತ ಮಿಲ್: ದಯವಿಟ್ಟು.

ಬೆಕಾಸಿ ಗೌಡ: ಮೇಡಂ, ಇನ್ನೊಂದು ವಿಷಯ ಹೇಳಿರಲಿಲ್ಲ. 2.5 ಕೋಟಿ ರುಪಿಯಾ ಮುಂಗಡ ಕೊಟ್ಟಿದ್ದೀನಿ. ಹತ್ತು ಸಾವಿರದ ಮೆತೆರೈ ಹಚ್ಚಿದ ಕುಯಿತಾನ್ಸಿ (ರಸೀದಿ) ಇದೆ, ಹಾಗಾಗಿ ಕಾನೂನು ಪ್ರಕಾರ ಮಾರಾಟ ಆದಂಗೆ ಅಂತ ಬಿಯೋಂಗ್ ಹೇಳ್ತಾನೆ. ಶುಕ್ರವಾರದೊಳಗೆ ಉಳಿದದ್ದು ಕೊಡದಿದ್ದರೆ ಇನ್ನೊಬ್ಬ ಗಿರಾಕಿ ಕಾಯ್ತಿದ್ದಾನಂತೆ.

ಮೇಡಂ: ಮೆತೆರೈ ತೆರಿಗೆ ಚೀಟಿ. ದುಡ್ಡು ಕೊಟ್ಟಿದ್ದಕ್ಕೆ ಕಾಗದ ಆಯ್ತು, ಜಮೀನು ನಿಮ್ಮದಾಗಲಿಲ್ಲ. ಅದಕ್ಕೆ ಪಿಪಿಎಟಿ ಎದುರು ಕ್ರಯಪತ್ರ ಆಗಬೇಕು. ಆಗ ನಿಮ್ಮ ಕಡೆ ತೆರಿಗೆ 5%, ಅವರ ಕಡೆ 2.5% ಕಟ್ಟಬೇಕು. ಬಿಯೋಂಗ್ ಬಾಯಲ್ಲಿ ಆ ತೆರಿಗೆ ಮಾತು ಬಂತಾ?

ಕುಯಿತಾನ್ಸಿಯಲ್ಲಿ ಸಹಿ ಯಾರದು, ಮಾರುವವರದ್ದಾ ಬಿಯೋಂಗ್‌ದಾ, ಮೊದಲು ಅದು ಹೇಳಿ.

ಬೆಕಾಸಿ ಗೌಡ: ಬಿಯೋಂಗ್‌ದು.

ಮೇಡಂ: ಸರಿ. ಶುಕ್ರವಾರ ಒಂದು ರುಪಿಯಾನೂ ಕೊಡಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಮನೆಯವರು ಅಜ್ಜಿ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಸೀದಾ ಮಾರುವವರ ಮನೆಗೆ ಹೋಗಲಿ, ನೀವು ಬೇಡ, ನಿಮ್ಮನ್ನು ಕಂಡರೆ ಬೆಲೆ ಏರುತ್ತೆ. ಮುಂಗಡ ಅವರ ಕೈ ಸೇರಿದೆಯಾ ಅಂತ ಕೇಳಿ, ಸೇರಿದ್ದರೆ ಅಲ್ಲೇ ಅವರ ಕೈಯಲ್ಲಿ, ಆರ್‌ಟಿ ಎದುರಿಗೆ, ಬರೆಸಿಕೊಳ್ಳಲಿ. ಸೇರದಿದ್ದರೆ ಅಲ್ಲಿಂದ ನನಗೆ ಫೋನ್ ಮಾಡಿಸಿ. ಆ ಇನ್ನೊಬ್ಬ ಗಿರಾಕಿ ಇದ್ದರೆ ಅವನೇ ತಗೊಳ್ಳಲಿ ಬಿಡಿ.