ಬೇಸಿಕ್ ಮಾಡೆಲ್ ಕಾರು ನಂಬಬಹುದಾ? ಮೆಕ್ಯಾನಿಕ್ ಜತೆ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು 24 ವರ್ಷಗಳಿಂದ ಕಾರು ರಿಪೇರಿ ಮಾಡುತ್ತಿದ್ದೇನೆ. ನನ್ನ ಕೈಗೆ ಹೆಚ್ಚು ಬಂದಿರುವುದು ಸಣ್ಣ ಕಾರುಗಳು, ಕಡಿಮೆ ಫೀಚರ್ ಇರುವ ಕಾರುಗಳು. ಅವುಗಳ ಬಗ್ಗೆ ಏನು ಬೇಕಾದರೂ ಕೇಳಿ.

ಪ್ರಶ್ನೆ: ಮೊದಲ ಕಾರು ತೆಗೆದುಕೊಳ್ಳುತ್ತಿದ್ದೇನೆ. ಎಲ್ಲಕ್ಕಿಂತ ಕೆಳಗಿನ ಮಾಡೆಲ್ ನನಗೆ ಸಾಕು. ಮನೆಯಲ್ಲಿ ಮಾತ್ರ "ಅದು ಖಾಲಿ ಡಬ್ಬ, ಎರಡು ವರ್ಷಕ್ಕೆ ಗಡಗಡ ಅನ್ನುತ್ತದೆ" ಅನ್ನುತ್ತಾರೆ. ನಿಜವಾ?

ಉತ್ತರ: ಗಡಗಡ ಸದ್ದು ಬರಬಹುದು. ಆದರೆ ಸದ್ದು ಬೇರೆ, ಕೆಟ್ಟು ನಿಲ್ಲುವುದು ಬೇರೆ. ಕೆಳಗಿನ ಮಾಡೆಲ್‌ನಲ್ಲಿ ಸದ್ದು ತಡೆಯುವ ಪದರ ಕಡಿಮೆ, ಡ್ಯಾಶ್‌ಬೋರ್ಡ್ ಗಟ್ಟಿ ಪ್ಲಾಸ್ಟಿಕ್. ಟೈರಿನ ಸದ್ದು, ಮಳೆ ಸದ್ದು ಎಲ್ಲ ಒಳಗೆ ಕೇಳುತ್ತದೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಮಾತ್ರ ಎಷ್ಟೋ ಕಾರುಗಳಲ್ಲಿ ಮೇಲಿನ ಮಾಡೆಲ್‌ನಲ್ಲಿ ಇರುವವೇ.

ಒಂದು ಲೆಕ್ಕ ನೋಡಿ. ಒಂದು ಭಾಗ ವರ್ಷಪೂರ್ತಿ ಕೆಡದೆ ಇರುವ ಸಾಧ್ಯತೆ 99% ಅಂತ ಇಟ್ಟುಕೊಳ್ಳೋಣ. ತುಂಬಾ ಒಳ್ಳೆಯ ಭಾಗ ಅಲ್ವಾ? ಅಂಥ 20 ಭಾಗ ಇರುವ ಕಾರಿನಲ್ಲಿ ಆ ವರ್ಷ ಒಂದೂ ಕೆಡದೆ ಇರುವ ಸಾಧ್ಯತೆ ಸುಮಾರು 82%. ಅಂಥವೇ 60 ಭಾಗ ಇದ್ದರೆ ಅದು 55%ಗೆ ಇಳಿಯುತ್ತದೆ. ಭಾಗದ ಗುಣಮಟ್ಟ ಒಂದೇ, ಎಣಿಕೆ ಮಾತ್ರ ಜಾಸ್ತಿ. ತಾನೇ ಮಡಚುವ ಕನ್ನಡಿ, ಸನ್‌ರೂಫ್, ಮೋಟಾರಿನ ಸೀಟು, ಬಟನ್ ಒತ್ತುವ ಹ್ಯಾಂಡ್‌ಬ್ರೇಕ್ ಎಲ್ಲದಕ್ಕೂ ಮೋಟಾರು, ಸ್ವಿಚ್ಚು, ವೈರು ಬೇಕು. ಇಲ್ಲದಿರುವುದು ಕೆಡುವುದಿಲ್ಲ. ಹಳೆಯ ಹ್ಯಾಂಡ್‌ಬ್ರೇಕ್‌ನಲ್ಲಿ ಒಂದು ಲಿವರ್, ಒಂದು ಕೇಬಲ್. ಅದು ಸಡಿಲ ಆದರೆ ಕೈಗೇ ಗೊತ್ತಾಗುತ್ತದೆ. ಸ್ಪ್ಯಾನರ್ ಹಿಡಿದು ಸರಿ ಮಾಡಬಹುದು.

ಪ್ರಶ್ನೆ: ಸರಳ ಕಾರು ಅಂದರೆ ಹಳೇ ಕಾಲದ ಕಾರು ಅಂತ ಅರ್ಥವಾ? ಆ ಕಾಲದ ಕಾರುಗಳನ್ನು ಜನ ಈಗಲೂ ಹೊಗಳುತ್ತಾರಲ್ಲ.

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದ ಬರೆಯುತ್ತೇನೆ.

1908ರಿಂದ 1927ರವರೆಗೆ ಫೋರ್ಡ್ ಮಾಡೆಲ್ ಟಿ ತಯಾರಾಯಿತು, ಒಂದೂವರೆ ಕೋಟಿಗೂ ಜಾಸ್ತಿ. 20 ಅಶ್ವಶಕ್ತಿಯ ಎಂಜಿನ್. ಇಟ್ಟಿದ್ದ ಯಜಮಾನನೇ ಬಿಚ್ಚಿ ಜೋಡಿಸಬಹುದಿತ್ತು. 1948ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಸಿಟ್ರೊಯೆನ್ 2ಸಿವಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 375 ಸಿಸಿಯ ಎರಡು ಸಿಲಿಂಡರ್ ಎಂಜಿನ್, ತಣ್ಣಗಾಗುವುದು ಗಾಳಿಯಿಂದ. ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ. ಹಾಗಾಗಿ ಸೋರುವುದಕ್ಕೆ ನೀರೇ ಇಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನದೂ ಗಾಳಿಯಿಂದ ತಣ್ಣಗಾಗುವ ಎಂಜಿನ್ನೇ. ಅದು 2003ರವರೆಗೂ ತಯಾರಾಯಿತು, 2 ಕೋಟಿಗೂ ಮೀರಿ.

ಆದರೆ ಸರಳತೆಗೂ ಒಂದು ಮಿತಿ ಇದೆ. ಮೊದಲ 2ಸಿವಿಗಳಲ್ಲಿ ವೈಪರ್ ಓಡುತ್ತಿದ್ದದ್ದು ಸ್ಪೀಡೋಮೀಟರ್ ಕೇಬಲ್‌ನಿಂದ. ಕಾರು ನಿಧಾನವಾದರೆ ವೈಪರೂ ನಿಧಾನ. ಜೋರು ಮಳೆಯಲ್ಲಿ ತೆವಳುತ್ತಾ ಹೋಗುವಾಗ ಏನಾಗುತ್ತದೆ ಯೋಚಿಸಿ. ಅದನ್ನು ನಾನು ಒಳ್ಳೆಯ ಸರಳತೆ ಅನ್ನುವುದಿಲ್ಲ. 1980ರ ಫಿಯಾಟ್ ಪಾಂಡಾ ನೋಡಿ. ಗಾಜುಗಳೆಲ್ಲ ಚಪ್ಪಟೆ. ತಯಾರಿಸುವುದು ಸುಲಭ, ಒಡೆದರೆ ಬದಲಿಸುವುದೂ ಸುಲಭ. ಓಡಿಸುವವನಿಗೆ ಕಷ್ಟ ಕೊಡದೆ ಖರ್ಚು ಉಳಿಸಿದ್ದಾರೆ. ಕಾರು ನೋಡುವಾಗ ನನ್ನ ಅಳತೆ ಅದೇ.

ಇನ್ನು ಹಳೆಯ ಕಾರುಗಳು ಕೆಡುತ್ತಲೇ ಇರಲಿಲ್ಲ ಅನ್ನುವುದನ್ನು ಪೂರ್ತಿ ನಂಬಬೇಡಿ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಟ್ಯೂನ್ ಮಾಡುವುದು, ಕಿಡಿಗೆ ಬೇಕಾದ ಇಗ್ನಿಷನ್ ಪಾಯಿಂಟ್ ಉಜ್ಜುವುದು, ಇವೆಲ್ಲ ಆಗಾಗ ಇದ್ದೇ ಇರುತ್ತಿತ್ತು. ಕೆಟ್ಟದ್ದನ್ನು ರಸ್ತೆ ಬದಿಯಲ್ಲೇ ಸರಿ ಮಾಡಬಹುದಿತ್ತು, ಆ ನೆನಪೇ ಉಳಿದಿದೆ. ಈಗಿನ ಬೇಸಿಕ್ ಕಾರಿನ ಫ್ಯೂಯಲ್ ಇಂಜೆಕ್ಷನ್ ಕಾರ್ಬ್ಯುರೇಟರ್‌ಗಿಂತ ಎಷ್ಟೋ ನಂಬಿಕೆಯದು. ಬೆಳಗ್ಗೆ ಚೋಕ್ ಎಳೆಯುವ ಕಾಲ ಹೋಯಿತು, ಒಳ್ಳೆಯದೇ ಆಯಿತು.

ಪ್ರಶ್ನೆ: ಮೂರು ಸಿಲಿಂಡರ್ ಸಣ್ಣ ಎಂಜಿನ್ ಬಾಳುತ್ತದಾ? ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ.

ಉತ್ತರ: ಬಾಳುತ್ತದೆ. ಆ ನಡುಕ ಮೂರು ಸಿಲಿಂಡರಿನ ಹುಟ್ಟುಗುಣ, ರೋಗ ಅಲ್ಲ. ಆದರೆ ಮೊದಲಿಗಿಂತ ನಡುಕ ಜಾಸ್ತಿಯಾಗಿದ್ದರೆ ಎಂಜಿನ್ ಕೂರಿಸಿರುವ ಮೌಂಟ್‌ನ ರಬ್ಬರ್ ನೋಡಿಸಿ, ಆಮೇಲೆ ಸ್ಪಾರ್ಕ್ ಪ್ಲಗ್. ಹೆಚ್ಚಿನ ಸಲ ಇವೆರಡರಲ್ಲೇ ಉತ್ತರ ಇರುತ್ತದೆ.

ಪ್ರಶ್ನೆ: ಅದೇ ಕಾರಿನಲ್ಲಿ ಟರ್ಬೊ ಎಂಜಿನ್ನೂ ಇದೆ, ಟರ್ಬೊ ಇಲ್ಲದ್ದೂ ಇದೆ. ಹತ್ತು-ಹನ್ನೆರಡು ವರ್ಷ ಇಟ್ಟುಕೊಳ್ಳಬೇಕು. ಯಾವುದು ಆಗಬಹುದು?

ಉತ್ತರ: ಅಷ್ಟು ವರ್ಷಕ್ಕೆ ನಾನಾದರೆ ಟರ್ಬೊ ಇಲ್ಲದ್ದನ್ನೇ ತೆಗೆದುಕೊಳ್ಳುತ್ತೇನೆ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಣ್ಣ ಚಕ್ರ. ಅದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದೂ ಎಂಜಿನ್ ಉಗುಳುವ ಬಿಸಿ ಹೊಗೆಯಲ್ಲಿ. ಅದನ್ನು ಕಾಯುವುದು ತೆಳ್ಳಗಿನ ಒಂದು ಎಣ್ಣೆ ಪದರ. ಆಯಿಲ್ ಸರಿಯಾಗಿ ಬದಲಿಸುವವರಿಗೆ ಟರ್ಬೊ ಚೆನ್ನಾಗಿಯೇ ಬಾಳುತ್ತದೆ. ತಡ ಮಾಡುವವರಿಗೆ ಅದು ಕ್ಷಮೆ ಕೊಡುವುದಿಲ್ಲ.

ಇಂಧನ ಎಲ್ಲಿ ಸಿಂಪಡಿಸುತ್ತದೆ ಅಂತಲೂ ಕೇಳಿ. ಸರಳ ಪೆಟ್ರೋಲ್ ಎಂಜಿನ್‌ನಲ್ಲಿ ಅದು ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್‌ನ ಹಿಂದೆ ಬೀಳುತ್ತದೆ, ವಾಲ್ವ್ ತೊಳೆದಂತೆ ಆಗುತ್ತದೆ. ಒತ್ತಡ ಮೂರ್ನಾಲ್ಕು ಬಾರ್ (ಒತ್ತಡದ ಅಳತೆ) ಇದ್ದರೆ ಸಾಕು. ನೇರವಾಗಿ ಸಿಲಿಂಡರ್ ಒಳಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್‌ಗೆ ನೂರು ಬಾರ್‌ಗೂ ಮೀರಿದ ಒತ್ತಡ ಬೇಕು. ಆ ವಾಲ್ವ್‌ಗಳನ್ನು ತೊಳೆಯುವವರೂ ಇಲ್ಲ, ವರ್ಷ ಕಳೆದಂತೆ ಕರಿ ಕಟ್ಟುತ್ತದೆ.

ಪ್ರಶ್ನೆ: ಬೇಸಿಕ್ ಮಾಡೆಲ್ ತೆಗೆದುಕೊಂಡು ಮ್ಯೂಸಿಕ್ ಸಿಸ್ಟಮ್, ಪವರ್ ವಿಂಡೋ, ಒಳ್ಳೆ ಲೈಟು ಎಲ್ಲ ಹೊರಗಡೆ ಹಾಕಿಸಿದರೆ ಲಾಭ ಅಲ್ವಾ?

ಉತ್ತರ: ನಾನು ನೋಡಿರುವ ಬೇಸಿಕ್ ಕಾರುಗಳನ್ನು ಜಾಸ್ತಿ ಹಾಳು ಮಾಡಿರುವುದು ಇದೇ. ದಯವಿಟ್ಟು ಗಮನ ಕೊಟ್ಟು ಓದಿ.

ಕೆಳಗಿನ ಮಾಡೆಲ್‌ನಲ್ಲಿ ಕಂಪನಿಯೇ ಆ ವೈರ್‌ಗಳನ್ನು ಎಳೆದಿರುವುದಿಲ್ಲ. ಹೊರಗಡೆ ಹಾಕುವವರು ಇರುವ ವೈರ್ ಕತ್ತರಿಸಿ, ಹೆಣೆದು, ಟೇಪ್ ಸುತ್ತುತ್ತಾರೆ. ಒಂದು ವರ್ಷ ಏನೂ ಆಗುವುದಿಲ್ಲ. ಆಮೇಲೆ ಟೇಪಿನ ಅಂಟು ಬಿಡುತ್ತದೆ, ತೇವ ಸೇರುತ್ತದೆ, ತಾಮ್ರ ಹಸಿರಾಗುತ್ತದೆ. ಆಗ ಶುರುವಾಗುತ್ತದೆ ನೋಡಿ: ಒಂದು ದಿನ ಸ್ಟಾರ್ಟ್ ಆಗುವುದಿಲ್ಲ, ಮರುದಿನ ಆಗುತ್ತದೆ. ಅಂಥ ದೋಷ ಹುಡುಕುವುದಕ್ಕೆ ಎರಡೆರಡು ದಿನ ಕೂತಿದ್ದೇನೆ. ಕಾರಿನ ಮಾಲೀಕರು "ಅಗ್ಗದ ಕಾರು, ಅದಕ್ಕೇ ಹೀಗೆ" ಅನ್ನುತ್ತಿದ್ದರು. ಪಾಪ, ಕಾರಿನದು ಏನೂ ತಪ್ಪಿರಲಿಲ್ಲ.

ಹೆಡ್‌ಲೈಟ್ ಬಲ್ಬ್ ಇನ್ನೂ ಅಪಾಯ. ಸಾಮಾನ್ಯ ಎಚ್4 ಬಲ್ಬ್ 60/55 ವ್ಯಾಟ್, ಮೊದಲನೆಯದು ಬ್ರೈಟ್, ಎರಡನೆಯದು ಡಿಮ್. ಜನ 100/90 ಹಾಕಿಸುತ್ತಾರೆ. ಡಿಮ್‌ನಲ್ಲಿ ಎರಡು ಬಲ್ಬ್ ಸೇರಿ 110 ವ್ಯಾಟ್ ಇದ್ದದ್ದು 180 ಆಗುತ್ತದೆ. 12 ವೋಲ್ಟ್ ಲೆಕ್ಕದಲ್ಲಿ 9 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ 15 ಹರಿಯುತ್ತದೆ. ವೈರಿನ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತದೆ, ಹಾಗಾಗಿ ಎರಡೂವರೆ ಪಟ್ಟಿಗೂ ಜಾಸ್ತಿ ಬಿಸಿ. ಹೆಚ್ಚಿನ ಕರೆಂಟ್ ಸ್ವಿಚ್ ಮೂಲಕ ಹರಿಯದಂತೆ ಮಾಡುವ ರಿಲೇ ಹಾಕದೆ ಬಿಟ್ಟರೆ ಸ್ಟೀರಿಂಗ್ ಪಕ್ಕದ ಸ್ವಿಚ್ ಕರಗುತ್ತದೆ. ಕರಗಿದ ಸ್ವಿಚ್‌ಗಳನ್ನು ನಾನೇ ಬಿಚ್ಚಿದ್ದೇನೆ. ರಾತ್ರಿ ಓಡುತ್ತಿರುವಾಗ ಎರಡೂ ಲೈಟ್ ಒಟ್ಟಿಗೆ ಹೋದರೆ?

ಪವರ್ ವಿಂಡೋ ಬೇಕೇ ಬೇಕು ಅಂತಿದ್ದರೆ ಅದು ಇರುವ ಮಾಡೆಲ್ಲನ್ನೇ ತೆಗೆದುಕೊಳ್ಳಿ. ಹೊರಗಡೆ ಏನಾದರೂ ಹಾಕಿಸಿದರೆ ವೈರ್ ಕತ್ತರಿಸದೆ ಕಪ್ಲರ್‌ನಿಂದ (ಪ್ಲಗ್‌ನಂತೆ ಸಿಕ್ಕಿಸುವ ಕನೆಕ್ಟರ್) ಜೋಡಿಸುವಂಥದ್ದು, ಜತೆಗೆ ಬೇರೆ ಫ್ಯೂಸ್ ಇರುವಂಥದ್ದು ಮಾತ್ರ.

ಪ್ರಶ್ನೆ: ಹಾಗಾದರೆ ಏರ್‌ಬ್ಯಾಗ್, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಕೆಡುವ ಭಾಗಗಳೇ ಅಲ್ವಾ? ಅವೂ ಬೇಡವಾ?

ಉತ್ತರ: ಬೇಕು. ಇಲ್ಲಿ ನನ್ನ ಲೆಕ್ಕ ಪೂರ್ತಿ ಬದಲಾಗುತ್ತದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷೆ ಮಾಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್. ಅವುಗಳಲ್ಲಿ ಒಂದಾದ ಫೋಕ್ಸ್‌ವ್ಯಾಗನ್ ಪೋಲೊವನ್ನು ಎರಡು ಏರ್‌ಬ್ಯಾಗ್ ಜತೆ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. ಸೀಟು ಕೈಯಲ್ಲಿ ಹಿಂದೆ ಮುಂದೆ ಮಾಡುವುದಕ್ಕೆ ಯಾರೂ ಸಾಯುವುದಿಲ್ಲ. ಇದು ಹಾಗಲ್ಲ. ಏರ್‌ಬ್ಯಾಗ್, ಎಬಿಎಸ್, ಜಾರುವಾಗ ಹಿಡಿತಕ್ಕೆ ತರುವ ಇಎಸ್‌ಸಿ, ಈ ಮೂರೂ ಇರುವ ಎಲ್ಲಕ್ಕಿಂತ ಕೆಳಗಿನ ಮಾಡೆಲ್ ಯಾವುದೋ ಅದು ನಿಮ್ಮ ಬೇಸಿಕ್ ಮಾಡೆಲ್.

ಪ್ರಶ್ನೆ: ನನ್ನದು ಬೇಸಿಕ್ ಕಾರು, 70,000 ಕಿ.ಮೀ. ಆಗಿದೆ. ಬಿಸಿಯಾಗುತ್ತಿತ್ತು. ಥರ್ಮೋಸ್ಟ್ಯಾಟ್ ತೆಗೆದು ಬಿಡಿ, ಬರೀ ನೀರು ಹಾಕಿದರೆ ಸಾಕು ಅಂದರು. ಸರಿನಾ?

ಉತ್ತರ: ಬೇಡ. ಥರ್ಮೋಸ್ಟ್ಯಾಟ್ ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್. ಅದು ಇಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ತಡ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಎಂಜಿನ್ ಸವೆತವೂ ಜಾಸ್ತಿ. ಬರೀ ನೀರು ಒಳಗೆ ತುಕ್ಕು ಹಿಡಿಸುತ್ತದೆ. ನಿಮ್ಮ ಕಾರು ಬಿಸಿಯಾಗುವುದಕ್ಕೆ ಕಾರಣ ಏನು ಅಂತ ಹುಡುಕಿಸಿ: ಥರ್ಮೋಸ್ಟ್ಯಾಟೇ ಕೆಟ್ಟು ತೆರೆಯುತ್ತಿಲ್ಲವಾ (ಹಾಗಿದ್ದರೆ ಹೊಸದು ಹಾಕಿಸಿ), ಫ್ಯಾನ್ ತಿರುಗುತ್ತಿದೆಯಾ, ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯುತ್ತಿದೆಯಾ, ನೀರಿನ ಪಂಪ್ ಸೋರುತ್ತಿದೆಯಾ ನೋಡಿಸಿ. ಅಲ್ಲಿಯವರೆಗೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹೋದರೆ ತಕ್ಷಣ ನಿಲ್ಲಿಸಿ. "ಇನ್ನು ಐದೇ ಕಿ.ಮೀ." ಅಂತ ಓಡಿಸಿ ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾದ ಕಾರು ಎಷ್ಟೋ ನನ್ನ ಹತ್ತಿರ ಬಂದಿವೆ. ಅಗ್ಗದ ಕಾರು ಅಂತ ಅಗ್ಗದ ಉಪಾಯ ಮಾಡುತ್ತಾರೆ, ಅದು ನನಗೆ ನಿಜಕ್ಕೂ ಬೇಜಾರು.

ಪ್ರಶ್ನೆ: ಮೊದಲು ಕೇಳಿದವನೇ ನಾನು. ಬೇಸಿಕ್ ಮಾಡೆಲ್ಲೇ ಅಂತ ತೀರ್ಮಾನ ಮಾಡಿದೆ. ಏನು ನೋಡಿಕೊಳ್ಳಬೇಕು?

ಉತ್ತರ: ಸಂತೋಷ ಆಯಿತು. ಕಾರಿನ ಜತೆ ಬರುವ ಪುಸ್ತಕದಲ್ಲಿ ಮೂರು ವಿಷಯ ಹುಡುಕಿ ಬರೆದಿಟ್ಟುಕೊಳ್ಳಿ. ಯಾವ ಗ್ರೇಡಿನ ಆಯಿಲ್, ಯಾವ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ಮತ್ತೆ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ಟೈಮಿಂಗ್ ಬೆಲ್ಟ್ ಇದೆಯಾ ಚೈನ್ ಇದೆಯಾ. ಬೆಲ್ಟ್ ಇದ್ದರೆ ಎಷ್ಟು ಕಿ.ಮೀ.ಗೆ ಅಥವಾ ಎಷ್ಟು ವರ್ಷಕ್ಕೆ ಬದಲಿಸಬೇಕು ಅಂತಲೂ ಇರುತ್ತದೆ. ತುಂಬಾ ಎಂಜಿನ್‌ಗಳಲ್ಲಿ ಅದು ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ವರ್ಷಕ್ಕೆ ನಾಲ್ಕೇ ಸಾವಿರ ಕಿ.ಮೀ. ಓಡಿದ್ದರೂ ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಬದಲಾಗಲಿ.

ಕಾರು ಕೈಗೆ ಬರುವ ದಿನ ಜಾಕ್, ಸ್ಪ್ಯಾನರ್, ಸ್ಪೇರ್ ಚಕ್ರ ಇದೆಯಾ ನೋಡಿ. ಹಿಂದಿನ ಗಾಜಿಗೆ ವೈಪರ್ ಇಲ್ಲದಿದ್ದರೆ ಒಂದು ಬಟ್ಟೆ ಇಟ್ಟುಕೊಳ್ಳಿ. ಮೊದಲ ಸರ್ವಿಸ್ ಆದ ಮೇಲೆ ಹೇಗಿದೆ ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.