‘ಉಚಿತ’ ಚಿಕಿತ್ಸೆಗೆ ಬೇರೆ ಪದ ಇದ್ಯಾ?

ಎಲ್ರಿಗೂ ನಮಸ್ಕಾರ. ಬೇರೆ ಬೇರೆ ದೇಶದ ಆಸ್ಪತ್ರೆ ವ್ಯವಸ್ಥೆ ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಿದೀನಿ, ಎರಡನೇ ಪುಟದಲ್ಲೇ ಸಿಕ್ಕಾಕೊಂಡೆ. ಬ್ರಿಟನ್ನಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) 1948ರ ಜುಲೈ 5ಕ್ಕೆ ಶುರುವಾಗಿದ್ದು, ಅಲ್ಲಿ ಡಾಕ್ಟ್ರ ಹತ್ರ ಹೋದಾಗ ಕಾಸು ಬಿಚ್ಚಬೇಕಿಲ್ಲ, ಹೆಚ್ಚಿನ ದುಡ್ಡು ಮೊದ್ಲೇ ಟ್ಯಾಕ್ಸಲ್ಲಿ ಹೋಗಿರತ್ತೆ, ಜಾಸ್ತಿ ದುಡಿಯೋರು ಜಾಸ್ತಿ ಕಟ್ಟಿರ್ತಾರೆ. ಇದನ್ನ ‘ಉಚಿತ ಚಿಕಿತ್ಸೆ’ ಅಂತ ಬರೆದೆ.

ಅಮ್ಮ ಓದಿ ನಕ್ಕಳು. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡಿದೋಳು. ಹಳೇ ಪೇ ಸ್ಲಿಪ್ ತಂದು ಇಎಸ್‌ಐ (ಕೆಲಸದೋರ ಸರ್ಕಾರಿ ಆರೋಗ್ಯ ವಿಮೆ) ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ತಿಂಗ್ಳು ತಿಂಗ್ಳು ಮುರ್ಕೊಂಡಿದಾರೆ, ಉಚಿತ ಹೆಂಗಾಯ್ತೋ" ಅಂದ್ಲು. ಈಗ ಇಎಸ್‌ಐಗೆ ಕೆಲಸದೋರ ಸಂಬಳದಲ್ಲಿ 0.75 ಪರ್ಸೆಂಟ್ ಮುರೀತಾರೆ, ಮಾಲೀಕರು 3.25 ಹಾಕ್ತಾರೆ.

ಸಂಸ್ಕೃತದಲ್ಲಿ ಉಚಿತ ಅಂದ್ರೆ ತಕ್ಕದ್ದು, ಸರಿಯಾದ್ದು ಅಷ್ಟೇ. ಸಮಯೋಚಿತ ಅನ್ನುವಾಗ ನಾವೂ ಆ ಅರ್ಥದಲ್ಲೇ ಬಳಸ್ತೀವಿ. ಬರೀ ‘ಉಚಿತ’ ಅಂದ್ರೆ ಮಾತ್ರ ಕಾಸಿಲ್ಲದ್ದು. ‘ಬಿಟ್ಟಿ’ ಇನ್ನೂ ತಮಾಷೆ. ಅದು ವಿಷ್ಟಿ ಪದದ ತದ್ಭವ, ಅಂದ್ರೆ ಕೂಲಿ ಕೊಡದೆ ಮಾಡಿಸ್ಕೊಳೋ ದುಡಿಮೆ. ಬಿಟ್ಟಿ ಚಾಕರಿ ಮಾಡಿದೋನು ಕಳ್ಕೊಂಡೋನು, ಇವತ್ತು ಬಿಟ್ಟಿ ಅಂದ್ರೆ ದಕ್ಕಿಸ್ಕೊಂಡೋನು! ‘ಧರ್ಮಾಸ್ಪತ್ರೆ’ ಅಂದ್ರೆ ಯಾರೋ ಪುಣ್ಯಾತ್ಮರು ದಾನ ಕೊಟ್ಟಂಗೆ. ಮೂರರಲ್ಲಿ ಒಂದೂ ಒಗ್ತಿಲ್ಲ. ಸಾಲದ್ದಕ್ಕೆ ಎನ್‌ಎಚ್‌ಎಸ್‌ನಲ್ಲೂ ಎಲ್ಲಾ ಉಚಿತ ಅಲ್ಲ, ಇಂಗ್ಲೆಂಡಲ್ಲಿ ಮಕ್ಕಳು ವಯಸ್ಸಾದೋರು ಅಂಥೋರನ್ನ ಬಿಟ್ಟು ಉಳಿದೋರು ಮಾತ್ರೆಗೆ ದುಡ್ಡು ಕೊಡ್ಬೇಕು, ವೇಲ್ಸಲ್ಲಿ 2007ರಿಂದ ಅದೂ ಇಲ್ಲ.

ಜರ್ಮನಿದು ಬೇರೆ ಥರ, 1883ರಲ್ಲಿ ಅಲ್ಲಿನ ಚಾನ್ಸೆಲರ್ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ವಿಮೆ, ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ ಕೆಲಸದೋರು ಮಾಲೀಕರು ಇಬ್ರೂ ಕಟ್ತಾರೆ, ನಮ್ಮ ಇಎಸ್‌ಐ ಥರಾನೇ. ಇದಕ್ಕೆ ‘ಮುಯ್ಯಿ’ ಹೊಂದತ್ತಾ ಅಂತ ಯೋಚಿಸ್ದೆ. ಆದ್ರೆ ಮದುವೆ ಮನೇಲಿ ಬುಕ್ಕಲ್ಲಿ ಬರ್ಕೊಂಡು 501 ಕೊಟ್ಟೋರಿಗೆ 501 ವಾಪಸ್ ಹಾಕ್ತೀವಲ್ಲ, ವಿಮೇಲಿ ಹಂಗಿಲ್ಲ, ಕಾಯಿಲೆನೇ ಬೀಳದೋನಿಗೆ ಏನೂ ವಾಪಸ್ ಬರಲ್ಲ. ಹಾಗಾಗಿ ಕೈಬಿಟ್ಟೆ.

ಇನ್ನೊಂದು ತಲೆನೋವು ‘ಸಂಪತ್ತಿನ ಮರುಹಂಚಿಕೆ’, ಅಂದ್ರೆ ಉಳ್ಳೋರ ಹತ್ರ ಜಾಸ್ತಿ ಟ್ಯಾಕ್ಸ್ ತಗೊಂಡು ಇಲ್ಲದೋರಿಗೆ ತಲುಪಿಸೋದು. ಮರುಹಂಚಿಕೆ ಅಂದ್ರೆ ಪೇಪರ್ ಓದೋರಿಗೆ ಮಂತ್ರಿಗಳ ಖಾತೆ ನೆನಪಾಗತ್ತೆ, ಬರೀ ಹಂಚಿಕೆ ಅಂದ್ರೆ ಅಣ್ತಮ್ಮಂದಿರ ಪಾಲು. 1974ರಲ್ಲಿ ಅರಸು ಕಾಲದ ಭೂಸುಧಾರಣೆಗೆ ‘ಉಳುವವನೇ ಹೊಲದೊಡೆಯ’ ಅಂದಾಗ ಯಾರಿಗೂ ಡಿಕ್ಷನರಿ ಬೇಕಾಗ್ಲಿಲ್ಲ. ಟ್ಯಾಕ್ಸ್ ವಿಷಯಕ್ಕೆ ಅಂಥದ್ದೊಂದು ಮಾತು ಇದ್ರೆ ಹೇಳಿ.

ಸದ್ಯಕ್ಕೆ ‘ಮೊದಲೇ ಕಟ್ಟಿದ ಚಿಕಿತ್ಸೆ’ ಅಂತ ಬರೆದಿಟ್ಟಿದೀನಿ, ಓದೋಕೆ ಮೊಬೈಲ್ ರೀಚಾರ್ಜ್ ಥರ ಇದೆ. ಧಾರವಾಡ, ಮಂಗಳೂರು ಕಡೆಯೋರು, ಸಂಬಳದಲ್ಲಿ ಮುರ್ಕೊಂಡು ಆಮೇಲೆ ಕೊಡೋದಕ್ಕೆ ನಿಮ್ಮಲ್ಲಿ ಏನಂತೀರಿ?